ವಾಹನಗಳಿಗೆ ಹೆಚ್ಚುವರಿ ಅರ್ತಿಂಗ್ ತಂತಿ ಅಳವಡಿಕೆಯಿಂದ ಎಂಜಿನ್ ಸಾಮರ್ಥ್ಯ ಹೆಚ್ಚುವುದೇ? – ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳ ವಾಹನ ಮಾಲೀಕರ ಮಾಹಿತಿಗಾಗಿ

ರಾಯಚೂರು ಜಿಲ್ಲೆಯ ಲಿಂಗಸುಗೂರು, ಮಸ್ಕಿ ಹಾಗೂ ಸಿಂಧನೂರು ಪಟ್ಟಣಗಳು ರಾಷ್ಟ್ರೀಯ ಹೆದ್ದಾರಿ 150ಎ ರ ಮೇಲೆ ಒಂದಾದ ಮೇಲೊಂದರಂತೆ ಇವೆ. ತುಂಗಭದ್ರಾ ಎಡದಂಡೆ ಕಾಲುವೆಯ ಅಚ್ಚುಕಟ್ಟಿನ ಭತ್ತ, ಸಿಂಧನೂರಿನ ಅಕ್ಕಿ ಗಿರಣಿಗಳ ಸರಕು, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಓಡಾಟ, ಒಣಭೂಮಿಯ ಹತ್ತಿ ಮತ್ತು ತೊಗರಿ ಇವೆಲ್ಲವೂ ಇದೇ ರಸ್ತೆಯನ್ನು ಅವಲಂಬಿಸಿವೆ. ಮಸ್ಕಿಯು ಪ್ರತ್ಯೇಕ ತಾಲ್ಲೂಕಾದ ನಂತರವೂ ಮೂರೂ ತಾಲ್ಲೂಕುಗಳ ವಾಹನಗಳು ಕೆಎ 36 ನೋಂದಣಿ ಸಂಕೇತದ ವ್ಯಾಪ್ತಿಯಲ್ಲಿಯೇ ಇರುತ್ತವೆ. ಈ ಭಾಗದಲ್ಲಿ ಟ್ರ್ಯಾಕ್ಟರು, ಟ್ರೇಲರು, ಸರಕು ಸಾಗಣೆಯ ಸಣ್ಣ ವಾಹನ, ಆಟೋರಿಕ್ಷಾ ಮತ್ತು ದ್ವಿಚಕ್ರ ವಾಹನಗಳ ಬಳಕೆ ಅಧಿಕವಾಗಿದ್ದು, ಅರ್ಹತಾ ಪತ್ರ ನವೀಕರಣ, ನೋಂದಣಿ ನವೀಕರಣ ಹಾಗೂ ವಾಯುಮಾಲಿನ್ಯ ತಪಾಸಣೆಯ ಸಂದರ್ಭಗಳಲ್ಲಿ ವಾಹನದ ಎಂಜಿನ್ ಸ್ಥಿತಿಯ ಬಗ್ಗೆ ಮಾಲೀಕರು ವಿಶೇಷ ಗಮನ ಹರಿಸುವುದು ಸಹಜವಾಗಿದೆ.

ಬ್ಯಾಟರಿಯ ಋಣ ತುದಿಯಿಂದ ಎಂಜಿನ್‌ಗೆ ಹಾಗೂ ವಾಹನದ ದೇಹಕ್ಕೆ ದಪ್ಪನೆಯ ತಾಮ್ರದ ತಂತಿಗಳನ್ನು ಹೆಚ್ಚುವರಿಯಾಗಿ ಜೋಡಿಸಿದಲ್ಲಿ ಪಿಕಪ್ ಹೆಚ್ಚುತ್ತದೆ, ಮೈಲೇಜ್ ಸುಧಾರಿಸುತ್ತದೆ, ಹೊಗೆ ಕಡಿಮೆಯಾಗುತ್ತದೆ ಎಂಬ ಪ್ರಚಾರದೊಂದಿಗೆ ತಂತಿಗಳ ಜೋಡಿಯನ್ನು ಕಿಟ್ ರೂಪದಲ್ಲಿ ಮಾರಾಟ ಮಾಡಲಾಗುತ್ತಿದೆ. 2000ದ ದಶಕದಲ್ಲಿ ಜಪಾನ್ ಮತ್ತಿತರ ದೇಶಗಳ ಕಾರು ಹವ್ಯಾಸಿಗಳಲ್ಲಿ ಪ್ರಚಲಿತವಾಗಿದ್ದ ಈ ಪದ್ಧತಿಯು ಈಗ ಆನ್‌ಲೈನ್ ಮಾರಾಟದ ಮೂಲಕ ತಾಲ್ಲೂಕು ಕೇಂದ್ರಗಳನ್ನೂ ತಲುಪಿದೆ. ಈ ಬಗ್ಗೆ ಸಾರ್ವಜನಿಕರು ತಿಳಿದಿರಬೇಕಾದ ತಾಂತ್ರಿಕ ಹಾಗೂ ಕಾನೂನು ಅಂಶಗಳನ್ನು ಈ ಪುಟದಲ್ಲಿ ನೀಡಲಾಗಿದೆ.

ನೇರ ಉತ್ತರ

ಸುಸ್ಥಿತಿಯಲ್ಲಿರುವ ವಾಹನಕ್ಕೆ ಹೆಚ್ಚುವರಿ ಅಥವಾ ದಪ್ಪನೆಯ ಅರ್ತಿಂಗ್ ತಂತಿಯನ್ನು ಅಳವಡಿಸುವುದರಿಂದ ಎಂಜಿನ್ನಿನ ಶಕ್ತಿಯಾಗಲೀ ಮೈಲೇಜ್ ಆಗಲೀ ಗಮನಾರ್ಹವಾಗಿ ಹೆಚ್ಚುವುದಿಲ್ಲ. ಆದರೆ ತಯಾರಕರು ಅಳವಡಿಸಿದ ಮೂಲ ಅರ್ತಿಂಗ್ ತಂತಿಯು ತುಕ್ಕು ಹಿಡಿದಿದ್ದಲ್ಲಿ, ಸಡಿಲಗೊಂಡಿದ್ದಲ್ಲಿ ಅಥವಾ ತುಂಡಾಗಿದ್ದಲ್ಲಿ, ಅದನ್ನು ಸರಿಪಡಿಸುವುದರಿಂದ ವಾಹನವು ಕಳೆದುಕೊಂಡಿದ್ದ ಕಾರ್ಯಕ್ಷಮತೆಯನ್ನು ಮರಳಿ ಪಡೆಯುತ್ತದೆ. ಮೊದಲನೆಯದು ಸುಧಾರಣೆ ಎಂದು ಮಾರಾಟವಾಗುತ್ತಿದೆ. ಎರಡನೆಯದು ಕೇವಲ ದುರಸ್ತಿ. ಈ ಎರಡರ ನಡುವಿನ ವ್ಯತ್ಯಾಸವನ್ನು ಗಮನಿಸದೇ ಇರುವುದೇ ಬಹುತೇಕ ಗೊಂದಲಗಳಿಗೆ ಕಾರಣವಾಗಿರುತ್ತದೆ.

ಅರ್ತಿಂಗ್ ತಂತಿಯ ಕಾರ್ಯ

ಮನೆಯ ವಿದ್ಯುತ್ ಸಂಪರ್ಕದಲ್ಲಿ ಅರ್ತಿಂಗ್ ಎಂದರೆ ಭೂಮಿಗೆ ಕೊಡುವ ಸುರಕ್ಷತಾ ಸಂಪರ್ಕ. ವಾಹನದಲ್ಲಿ ಅದೇ ಹೆಸರಿನಿಂದ ಕರೆಯಲಾಗುವ ತಂತಿಗೆ ಭೂಮಿಯೊಡನೆ ಯಾವ ಸಂಬಂಧವೂ ಇರುವುದಿಲ್ಲ. ಬ್ಯಾಟರಿಯ ಧನ ತುದಿಯಿಂದ ಹೊರಟ ವಿದ್ಯುತ್ ಪ್ರವಾಹವು ದೀಪ, ಹಾರನ್, ಸೆಲ್ಫ್ ಮೋಟಾರು ಮುಂತಾದವುಗಳ ಮೂಲಕ ಹಾಯ್ದು ಋಣ ತುದಿಗೆ ಹಿಂದಿರುಗಲೇಬೇಕು. ಪ್ರತಿಯೊಂದು ಉಪಕರಣಕ್ಕೂ ಹಿಂದಿರುಗುವ ಪ್ರತ್ಯೇಕ ತಂತಿಯನ್ನು ಎಳೆಯುವ ಬದಲು ವಾಹನದ ಲೋಹದ ದೇಹವನ್ನೇ ಆ ದಾರಿಯನ್ನಾಗಿ ಬಳಸಲಾಗುತ್ತದೆ. ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತಿರುವುದರಿಂದ ಮತ್ತು ರಬ್ಬರ್ ಮೂಲಕ ವಿದ್ಯುತ್ ಹರಿಯದೇ ಇರುವುದರಿಂದ, ಎಂಜಿನ್‌ನಿಂದ ದೇಹಕ್ಕೆ ಅಥವಾ ನೇರವಾಗಿ ಬ್ಯಾಟರಿಗೆ ಒಂದು ದಪ್ಪ ತಂತಿ ಅಥವಾ ಹೆಣೆದ ತಾಮ್ರದ ಪಟ್ಟಿಯನ್ನು ತಯಾರಕರೇ ಕೊಟ್ಟಿರುತ್ತಾರೆ. ಇದನ್ನೇ ಗ್ಯಾರೇಜುಗಳಲ್ಲಿ ಬಾಡಿ ಅರ್ತ್ ಎನ್ನಲಾಗುತ್ತದೆ. ಹಿಂದಿನ ಕಾಲದ ಕೆಲವು ಬ್ರಿಟಿಷ್ ವಾಹನಗಳಲ್ಲಿ ಧನ ತುದಿಯನ್ನು ದೇಹಕ್ಕೆ ಜೋಡಿಸುವ ಪದ್ಧತಿ ಇತ್ತು. ಈಗಿನ ವಾಹನಗಳಲ್ಲಿ ಋಣ ತುದಿಯೇ ದೇಹಕ್ಕೆ ಸೇರಿರುತ್ತದೆ.

ಅಚ್ಚುಕಟ್ಟು ಪ್ರದೇಶದ ರೈತರಿಗೆ ಇದನ್ನು ಬಸಿಗಾಲುವೆಯ ಹೋಲಿಕೆಯಿಂದ ಸುಲಭವಾಗಿ ತಿಳಿಸಬಹುದು. ಬಸಿಗಾಲುವೆಯಲ್ಲಿ ಹೂಳು ತುಂಬಿದರೆ ಗದ್ದೆ ಜೌಗಾಗಿ ಬೆಳೆ ಕುಂಠಿತವಾಗುತ್ತದೆ. ಹೂಳು ತೆಗೆಸಿದರೆ ಬೆಳೆ ಚೇತರಿಸಿಕೊಳ್ಳುತ್ತದೆ. ಆದರೆ ಸರಿಯಾಗಿ ಹರಿಯುತ್ತಿರುವ ಬಸಿಗಾಲುವೆಯನ್ನು ಎರಡು ಪಟ್ಟು ಅಗಲ ಮಾಡಿದ ಮಾತ್ರಕ್ಕೆ ಎಕರೆಗೆ ಬರುವ ಭತ್ತದ ಚೀಲಗಳು ಹೆಚ್ಚುವುದಿಲ್ಲ.

ಲೆಕ್ಕಾಚಾರ ಏನು ಹೇಳುತ್ತದೆ

ಈ ವಿಷಯದಲ್ಲಿ ಅಭಿಪ್ರಾಯಕ್ಕಿಂತ ಲೆಕ್ಕ ಹೆಚ್ಚು ಉಪಯುಕ್ತ. 16 ಚದರ ಮಿಲಿಮೀಟರ್ ಅಡ್ಡಕೊಯ್ತದ, ಒಂದು ಮೀಟರ್ ಉದ್ದದ ಶುದ್ಧ ತಾಮ್ರದ ತಂತಿಯ ರೋಧವು ಸುಮಾರು 1.1 ಮಿಲಿಓಮ್, ಅಂದರೆ ಒಂದು ಓಮ್‌ನ ಸಾವಿರದ ಒಂದು ಭಾಗಕ್ಕಿಂತ ತುಸು ಹೆಚ್ಚು. ಅದೇ ಉದ್ದದ 35 ಚದರ ಮಿಲಿಮೀಟರ್ ತಂತಿಯಲ್ಲಿ ಇದು ಸುಮಾರು 0.5 ಮಿಲಿಓಮ್ ಆಗಿರುತ್ತದೆ.

ಪೆಟ್ರೋಲ್ ಎಂಜಿನ್ ಓಡುತ್ತಿರುವಾಗ ಕಿಡಿ ವ್ಯವಸ್ಥೆ, ಇಂಜೆಕ್ಟರುಗಳು ಮತ್ತು ನಿಯಂತ್ರಣ ಘಟಕ ಒಟ್ಟಾಗಿ 15 ಆಂಪಿಯರ್ ಬಳಸುತ್ತವೆ ಎಂದು ಇಟ್ಟುಕೊಂಡರೆ, ಮೇಲ್ಕಂಡ ಸಾಧಾರಣ ತಂತಿಯಲ್ಲಿ ಕಳೆದುಹೋಗುವುದು ಒಂದು ವೋಲ್ಟಿನ ನೂರರಲ್ಲಿ ಎರಡು ಭಾಗಕ್ಕೂ ಕಡಿಮೆ. ಚಾಲನೆಯಲ್ಲಿರುವ ವಾಹನದ ವ್ಯವಸ್ಥೆಯ ಒತ್ತಡ ಸುಮಾರು 14 ವೋಲ್ಟ್. ಅಂದರೆ ದಪ್ಪ ತಂತಿ ಹಾಕಿ ಉಳಿಸಬಹುದಾದದ್ದು ಸಾವಿರಕ್ಕೆ ಒಂದು ಪಾಲಿನಷ್ಟೂ ಇರುವುದಿಲ್ಲ. ಹೆಡ್‌ಲೈಟ್ ಹಾಕಿದಾಗ ಅಥವಾ ತೆಗೆದಾಗ ಇದಕ್ಕಿಂತ ಹೆಚ್ಚಿನ ಏರಿಳಿತ ತಾನಾಗಿಯೇ ಉಂಟಾಗುತ್ತಿರುತ್ತದೆ. ಮೇಲಾಗಿ ಇಂಜೆಕ್ಷನ್ ವ್ಯವಸ್ಥೆಯ ನಿಯಂತ್ರಣ ಘಟಕವು ಬ್ಯಾಟರಿಯ ಒತ್ತಡವನ್ನು ಸತತವಾಗಿ ಅಳೆದು, ಇಂಜೆಕ್ಟರ್ ತೆರೆದಿರುವ ಅವಧಿಯನ್ನು ಅದಕ್ಕನುಗುಣವಾಗಿ ಸರಿದೂಗಿಸಿಕೊಳ್ಳುತ್ತದೆ. 2020ರ ಏಪ್ರಿಲ್ 1 ರಿಂದ ಭಾರತ್ ಸ್ಟೇಜ್ 6 ಮಾನಕಗಳು ಜಾರಿಗೆ ಬಂದ ನಂತರ ದ್ವಿಚಕ್ರ ವಾಹನಗಳಲ್ಲಿಯೂ ಇಂಧನ ಇಂಜೆಕ್ಷನ್ ವ್ಯಾಪಕವಾಗಿರುವುದರಿಂದ ಈ ಮಾತು ಅವುಗಳಿಗೂ ಅನ್ವಯಿಸುತ್ತದೆ.

ಸೆಲ್ಫ್ ಹಾಕುವ ಸಮಯದ ಲೆಕ್ಕ ಬೇರೆ. ಸೆಲ್ಫ್ ಮೋಟಾರು 200 ಆಂಪಿಯರ್ ಎಳೆದರೆ ಮೊದಲ ತಂತಿಯಲ್ಲಿ ಸುಮಾರು 0.2 ವೋಲ್ಟ್, ಎರಡನೆಯದರಲ್ಲಿ ಸುಮಾರು 0.1 ವೋಲ್ಟ್ ನಷ್ಟವಾಗುತ್ತದೆ. ಈ ಹತ್ತನೇ ಒಂದು ವೋಲ್ಟಿನ ಉಳಿತಾಯವು ಎಂಜಿನ್ ತಿರುಗುವ ಮೂರು ನಾಲ್ಕು ಸೆಕೆಂಡುಗಳಿಗೆ ಮಾತ್ರ ಸೀಮಿತವಾಗಿದ್ದು, ಎಂಜಿನ್ ಚಾಲೂ ಆದ ಕ್ಷಣಕ್ಕೆ ಅದರ ಪ್ರಯೋಜನ ಮುಗಿಯುತ್ತದೆ.

ಟ್ರ್ಯಾಕ್ಟರು ಮತ್ತು ಡೀಸೆಲ್ ವಾಹನಗಳು

ಈ ಮೂರು ತಾಲ್ಲೂಕುಗಳಲ್ಲಿ ಟ್ರ್ಯಾಕ್ಟರುಗಳೇ ಮುಖ್ಯವಾಗಿರುವುದರಿಂದ ಇದನ್ನು ಪ್ರತ್ಯೇಕವಾಗಿ ತಿಳಿಸುವುದು ಅವಶ್ಯವಾಗಿದೆ. ಯಾಂತ್ರಿಕ ಇಂಧನ ಪಂಪು ಹೊಂದಿರುವ ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿದಾಗ ಉಂಟಾಗುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಒಮ್ಮೆ ಚಾಲೂ ಆದ ನಂತರ ಇಂತಹ ಎಂಜಿನ್ ಬ್ಯಾಟರಿಯ ನೆರವಿಲ್ಲದೆಯೂ ಓಡಬಲ್ಲದು. ಇಳಿಜಾರಿನಲ್ಲಿ ತಳ್ಳಿ ಚಾಲೂ ಮಾಡಿದ ಟ್ರ್ಯಾಕ್ಟರು ದಿನವಿಡೀ ಹೊಲದಲ್ಲಿ ದುಡಿಯುವುದನ್ನು ಎಲ್ಲ ರೈತರೂ ಬಲ್ಲರು. ವಿದ್ಯುತ್ತಿನ ಪಾತ್ರವೇ ಇಲ್ಲದ ಕಡೆ ವಿದ್ಯುತ್ ತಂತಿಯಿಂದ ಶಕ್ತಿ ಹೆಚ್ಚುವ ಸಾಧ್ಯತೆ ಇರುವುದಿಲ್ಲ. ಆದ್ದರಿಂದ ಇಂತಹ ಟ್ರ್ಯಾಕ್ಟರಿಗೆ ‘ಎಳೆತ ಹೆಚ್ಚಿಸುವ’ ಅರ್ತಿಂಗ್ ಕಿಟ್ ಎಂಬುದು ಅರ್ಥವಿಲ್ಲದ ಮಾತಾಗಿದೆ.

50 ಅಶ್ವಶಕ್ತಿಗೂ ಮೇಲ್ಪಟ್ಟ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1 ರಿಂದ ಟ್ರೆಮ್ 4 ಮಾನಕಗಳು ಜಾರಿಗೆ ಬಂದಿದ್ದು, ಇವುಗಳಲ್ಲಿ ಎಲೆಕ್ಟ್ರಾನಿಕ್ ನಿಯಂತ್ರಣದ ಕಾಮನ್ ರೈಲ್ ಇಂಧನ ವ್ಯವಸ್ಥೆ ಕಂಡುಬರುತ್ತದೆ. ಇವುಗಳಲ್ಲಿ ಅರ್ತಿಂಗ್ ದೋಷವು ಎಂಜಿನ್ ನಡತೆಯ ಮೇಲೆ ಪರಿಣಾಮ ಬೀರಬಹುದು. ಆದರೂ ಪರಿಹಾರವು ಮೂಲ ಸಂಪರ್ಕವನ್ನು ಸರಿಪಡಿಸುವುದೇ ಹೊರತು ಹೊಸ ತಂತಿಗಳ ಗೊಂಚಲನ್ನು ಸೇರಿಸುವುದಲ್ಲ.

ಕಪ್ಪು ಹೊಗೆಯ ಕಾರಣದಿಂದ ತಪಾಸಣೆಯಲ್ಲಿ ಅನುತ್ತೀರ್ಣವಾದ ಡೀಸೆಲ್ ವಾಹನಕ್ಕೆ ಅರ್ತಿಂಗ್ ತಂತಿ ಪರಿಹಾರವಲ್ಲ. ಕಟ್ಟಿಕೊಂಡ ಏರ್ ಫಿಲ್ಟರ್, ಸವೆದ ನಾಜಲ್, ಪಂಪಿನ ಟೈಮಿಂಗ್ ವ್ಯತ್ಯಾಸ, ಮಿತಿಮೀರಿದ ಭಾರ ಇವುಗಳನ್ನು ಮೊದಲು ಪರಿಶೀಲಿಸತಕ್ಕದ್ದು. ಗಿರಣಿಗಳ ಹೊಟ್ಟಿನ ಧೂಳು ಮತ್ತು ಕಟಾವಿನ ಕಾಲದ ಹುಲ್ಲಿನ ದೂಳಿನಲ್ಲಿ ಓಡಾಡುವ ವಾಹನಗಳ ಏರ್ ಫಿಲ್ಟರ್ ಬೇಗನೆ ಕಟ್ಟಿಕೊಳ್ಳುತ್ತದೆ.

ಅರ್ತಿಂಗ್ ಹಾಳಾಗುವುದು ಹೇಗೆ, ಹಾಳಾದರೆ ಏನಾಗುತ್ತದೆ

ನಾಟಿಗೆ ಮುನ್ನ ಕೇಜ್ ವೀಲ್ ಕಟ್ಟಿ ಕೆಸರು ಹೊಡೆಯುವ ಟ್ರ್ಯಾಕ್ಟರುಗಳು ವಾರಗಟ್ಟಲೆ ನೀರು ಮತ್ತು ಮಣ್ಣಿನಲ್ಲಿ ಇರುತ್ತವೆ. ರಸಗೊಬ್ಬರದ ಚೀಲಗಳನ್ನು ಸಾಗಿಸುವ ವಾಹನಗಳ ಮೇಲೆ ಗೊಬ್ಬರದ ಹರಳು ಬಿದ್ದು ತೇವದೊಂದಿಗೆ ಸೇರಿ ತಾಮ್ರವನ್ನು ತಿನ್ನುತ್ತದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಭಾಗದಲ್ಲಿ ಬ್ಯಾಟರಿಯ ನೀರು ಬೇಗ ಇಂಗಿ, ಆಮ್ಲದ ಆವಿಯಿಂದ ಟರ್ಮಿನಲ್‌ಗಳ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿಕೊಳ್ಳುತ್ತದೆ. ಭತ್ತದ ಕಣ ಮತ್ತು ಗೋದಾಮುಗಳ ಸಮೀಪ ನಿಲ್ಲಿಸುವ ವಾಹನಗಳ ತಂತಿಗಳನ್ನು ಇಲಿಗಳು ಕಡಿಯುವುದೂ ಉಂಟು. ಇವೆಲ್ಲಕ್ಕಿಂತ ಹೆಚ್ಚಾಗಿ ಗಮನಕ್ಕೆ ಬಾರದೇ ಉಳಿಯುವ ಕಾರಣವೆಂದರೆ ಟಿಂಕರಿಂಗ್ ಮತ್ತು ಪೇಂಟಿಂಗ್ ಕೆಲಸ. ದೇಹಕ್ಕೆ ಹೊಸದಾಗಿ ಬಣ್ಣ ಬಳಿದು, ಅರ್ತಿಂಗ್ ಲಗ್ಗನ್ನು ಆ ಬಣ್ಣದ ಮೇಲೆಯೇ ಬೋಲ್ಟ್ ಮಾಡಿದಲ್ಲಿ ಲೋಹಕ್ಕೆ ಲೋಹ ತಾಗುವುದಿಲ್ಲ. ನೋಡಲು ಎಲ್ಲವೂ ಸರಿಯಾಗಿರುತ್ತದೆ; ದೀಪ ಮಾತ್ರ ಮಂಕಾಗಿರುತ್ತದೆ.

ಅರ್ತಿಂಗ್ ಕೆಟ್ಟಾಗ ಸೆಲ್ಫ್ ನಿಧಾನವಾಗಿ ತಿರುಗುತ್ತದೆ ಅಥವಾ ‘ಟಕ್’ ಎಂಬ ಶಬ್ದ ಮಾತ್ರ ಬರುತ್ತದೆ. ಎಷ್ಟೋ ಸಲ ಇದನ್ನು ಬ್ಯಾಟರಿ ಡೌನ್ ಎಂದು ತಿಳಿದು ಹೊಸ ಬ್ಯಾಟರಿ ಖರೀದಿಸಲಾಗುತ್ತದೆ. ಬ್ರೇಕ್ ಒತ್ತಿದಾಗ ಇಂಡಿಕೇಟರ್ ಮಿನುಗುವುದು, ಹಾರನ್ ಬಾರಿಸಿದಾಗ ಮೀಟರ್ ಮುಳ್ಳು ಅಲುಗಾಡುವುದು ಇವು ಪ್ರವಾಹವು ತನ್ನ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹಿಂದಿರುಗುತ್ತಿರುವುದರ ಲಕ್ಷಣಗಳು. ಇಂಜೆಕ್ಷನ್ ವಾಹನಗಳಲ್ಲಿ ಸೆನ್ಸರ್‌ಗಳ ಅಳತೆ ತಪ್ಪಿ, ಎಂಜಿನ್ ದೀಪ ಹೊತ್ತಿಕೊಂಡು, ಐಡ್ಲಿಂಗ್ ಏರುಪೇರಾಗುವ ಸಾಧ್ಯತೆ ಇರುತ್ತದೆ. ಇಂತಹ ವಾಹನಕ್ಕೆ ಅರ್ತಿಂಗ್ ಸರಿಪಡಿಸಿದಾಗ ಪಿಕಪ್ ಮರಳಿ ಬರುವುದು ನಿಜ. ಕಿಟ್ ಹಾಕಿಸಿದ ನಂತರ ವ್ಯತ್ಯಾಸ ಕಂಡವರಲ್ಲಿ ಒಂದು ಭಾಗದವರ ಅನುಭವ ಈ ಕಾರಣದಿಂದ ಸತ್ಯವೇ ಆಗಿರುತ್ತದೆ.

ಇನ್ನೂ ಅಪಾಯಕಾರಿಯಾದ ಒಂದು ಸಂಗತಿಯನ್ನು ವಾಹನ ಚಾಲಕರು ಗಮನಿಸತಕ್ಕದ್ದು. ಎಂಜಿನ್ ಮತ್ತು ದೇಹದ ನಡುವಿನ ಮುಖ್ಯ ಪಟ್ಟಿ ತುಂಡಾದಲ್ಲಿ, ಸೆಲ್ಫ್ ಮೋಟಾರಿನ ನೂರಾರು ಆಂಪಿಯರ್ ಪ್ರವಾಹವು ಎಂಜಿನ್ನಿಗೂ ದೇಹಕ್ಕೂ ತಾಗಿರುವ ಯಾವುದೇ ಲೋಹದ ಭಾಗದ ಮೂಲಕ ಹರಿಯಲು ಯತ್ನಿಸುತ್ತದೆ. ಅದು ಆಕ್ಸಿಲರೇಟರ್ ಕೇಬಲ್ ಆಗಬಹುದು, ಕ್ಲಚ್ ಕೇಬಲ್ ಆಗಬಹುದು, ಗೇರ್ ರಾಡ್ ಆಗಬಹುದು. ಕೇಬಲ್ ಒಳಗಿನ ಸಣ್ಣ ಉಕ್ಕಿನ ಎಳೆಗಳು ಕಾದು, ಹೊರಗಿನ ಪ್ಲಾಸ್ಟಿಕ್ ಕವಚ ಕರಗಿ ಕೇಬಲ್ ಸಿಕ್ಕಿಕೊಳ್ಳುತ್ತದೆ. ಕಾರಣವಿಲ್ಲದೆ ಕೇಬಲ್ ಪದೇ ಪದೇ ಬಿಗಿಯಾಗುತ್ತಿದ್ದಲ್ಲಿ ಅಥವಾ ಸೆಲ್ಫ್ ಹಾಕಿದ ನಂತರ ಮುಟ್ಟಿದಾಗ ಬಿಸಿಯಾಗಿದ್ದಲ್ಲಿ, ಕೇಬಲ್ ಬದಲಾಯಿಸುವ ಮುನ್ನ ಅರ್ತ್ ಪಟ್ಟಿಯನ್ನು ನೋಡಬೇಕು. ಭಾರ ತುಂಬಿದ ವಾಹನದಲ್ಲಿ ಆಕ್ಸಿಲರೇಟರ್ ಸಿಕ್ಕಿಕೊಳ್ಳುವುದು ಪ್ರಾಣಾಪಾಯದ ವಿಷಯವಾಗಿರುತ್ತದೆ.

ಕಿಟ್ ಖರೀದಿಸುವ ಮುನ್ನ ಪರೀಕ್ಷೆ

ಅರ್ತಿಂಗ್ ಸರಿ ಇದೆಯೋ ಇಲ್ಲವೋ ಎಂಬುದನ್ನು ಸಾಧಾರಣ ಡಿಜಿಟಲ್ ಮಲ್ಟಿಮೀಟರ್‌ನಿಂದ ಐದು ನಿಮಿಷಗಳಲ್ಲಿ ತಿಳಿಯಬಹುದಾಗಿದೆ. ಯಾವುದೇ ಆಟೋ ಎಲೆಕ್ಟ್ರಿಷಿಯನ್ ಬಳಿ ಈ ಉಪಕರಣ ಇರುತ್ತದೆ. ತಂತಿಯ ರೋಧವನ್ನು ನೇರವಾಗಿ ಓಮ್‌ನಲ್ಲಿ ಅಳೆಯುವುದು ಪ್ರಯೋಜನಕ್ಕೆ ಬಾರದು, ಏಕೆಂದರೆ ಸಾಮಾನ್ಯ ಮೀಟರು ಅಷ್ಟು ಚಿಕ್ಕ ರೋಧವನ್ನು ತೋರಿಸಲಾರದು ಮತ್ತು ಒಂದೇ ಎಳೆ ಉಳಿದಿರುವ ತಂತಿಯೂ ಆ ಪರೀಕ್ಷೆಯಲ್ಲಿ ಸರಿಯಾಗಿದೆ ಎಂದೇ ಕಾಣುತ್ತದೆ. ಭಾರ ಹೊತ್ತಾಗಿನ ವೋಲ್ಟೇಜ್ ನಷ್ಟವನ್ನು ಅಳೆಯಬೇಕು.

ವಾಹನವನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಮೀಟರನ್ನು ಡಿ.ಸಿ. ವೋಲ್ಟ್‌ಗೆ ಇಡಬೇಕು. ಕಪ್ಪು ತುದಿಯನ್ನು ಬ್ಯಾಟರಿಯ ಋಣ ಕಂಬಕ್ಕೆ (ಕ್ಲಾಂಪಿಗೆ ಅಲ್ಲ, ಸೀಸದ ಕಂಬಕ್ಕೇ) ಮತ್ತು ಕೆಂಪು ತುದಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹದ ಭಾಗಕ್ಕೆ ತಾಗಿಸಬೇಕು. ಡೀಸೆಲ್ ಎಂಜಿನ್ನಾದರೆ ಸ್ಟಾಪ್ ನಾಬ್ ಎಳೆದು, ಪೆಟ್ರೋಲ್ ವಾಹನವಾದರೆ ಇಂಧನ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ಚಾಲೂ ಆಗದಂತೆ ಮಾಡಿ, ಮೂರು ನಾಲ್ಕು ಸೆಕೆಂಡು ಸೆಲ್ಫ್ ಹಾಕಬೇಕು. ಆ ಸಮಯದಲ್ಲಿ ಮೀಟರು 0.2 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೆ ಅರ್ತಿಂಗ್ ಉತ್ತಮವಾಗಿದ್ದು, ಯಾವುದೇ ಕಿಟ್ ಅನಾವಶ್ಯಕ. 0.5 ವೋಲ್ಟ್ ಮೀರಿದರೆ ದೋಷ ಇರುವುದು ಖಚಿತ. ಇವೆರಡರ ನಡುವಿನ ಅಂಕಿ ಬಂದಲ್ಲಿ ಸಂಪರ್ಕಗಳನ್ನು ಸ್ವಚ್ಛಗೊಳಿಸಿ ಮತ್ತೊಮ್ಮೆ ನೋಡತಕ್ಕದ್ದು. ನಂತರ ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಹೆಡ್‌ಲೈಟ್ ಹಾಕಿ, ಕೆಂಪು ತುದಿಯನ್ನು ವಾಹನದ ದೇಹಕ್ಕೆ ತಾಗಿಸಿ ಇದೇ ಪರೀಕ್ಷೆಯನ್ನು ಪುನರಾವರ್ತಿಸಬಹುದು; ಇಲ್ಲಿ 0.1 ವೋಲ್ಟ್‌ಗಿಂತ ಹೆಚ್ಚು ಬರಬಾರದು. ಬೆಲ್ಟ್, ಫ್ಯಾನ್ ಇತ್ಯಾದಿ ತಿರುಗುವ ಭಾಗಗಳಿಂದ ಕೈ ಹಾಗೂ ಬಟ್ಟೆ ದೂರವಿರಲಿ.

ದೋಷ ಕಂಡುಬಂದಲ್ಲಿ ಕೆಲಸ ಸರಳವಾಗಿದೆ. ಋಣ ತುದಿಯ ಕ್ಲಾಂಪನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಜೋಡಿಸಬೇಕು. ಟರ್ಮಿನಲ್ ಮೇಲಿನ ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯುವಾಗ ಬ್ಯಾಟರಿಯೊಳಗೆ ಆ ನೀರು ಹೋಗದಂತೆ ಮುಚ್ಚಳಗಳನ್ನು ಬಿಗಿ ಮಾಡಿರಬೇಕು. ಲಗ್ ಕೂರುವ ಜಾಗದ ಬಣ್ಣ ಮತ್ತು ತುಕ್ಕನ್ನು ಮರಳು ಕಾಗದದಿಂದ ಉಜ್ಜಿ, ಬೋಲ್ಟ್ ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿದರೆ ಸಾಕು. ತಂತಿಯೇ ತುಂಡಾಗಿದ್ದಲ್ಲಿ ತಯಾರಕರ ಮೂಲ ಅಳತೆಯ ಹೊಸ ತಂತಿಯನ್ನು ಹಾಕಿಸುವುದು ಉತ್ತಮ. ಹೊರಗಿನಿಂದ ದಪ್ಪವಾಗಿ ಕಾಣುವ ಕೆಲವು ಅಗ್ಗದ ತಂತಿಗಳಲ್ಲಿ ದಪ್ಪವಿರುವುದು ಪ್ಲಾಸ್ಟಿಕ್ ಮಾತ್ರ. ಒಳಗೆ ತಾಮ್ರದ ಲೇಪನವಿರುವ ಅಲ್ಯೂಮಿನಿಯಂ ಎಳೆಗಳಿರುತ್ತವೆ. ತುದಿಯನ್ನು ಚಾಕುವಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅದು ಪೂರ್ಣ ತಾಮ್ರವಲ್ಲ.

ಕಿಟ್ ಹಾಕಿಸಿದ ನಂತರ ವ್ಯತ್ಯಾಸ ಕಂಡಂತಾಗುವುದೇಕೆ

ತಂತಿ ಜೋಡಿಸಲು ಬ್ಯಾಟರಿಯನ್ನು ಬಿಚ್ಚಲೇಬೇಕಾಗುತ್ತದೆ. ಆಗ ಅನೇಕ ಇಂಜೆಕ್ಷನ್ ವಾಹನಗಳ ನಿಯಂತ್ರಣ ಘಟಕವು ತಾನು ಕಲಿತಿಟ್ಟುಕೊಂಡಿದ್ದ ಇಂಧನ ಹೊಂದಾಣಿಕೆಯ ಅಂಕಿಗಳನ್ನು ಮರೆತು, ಮೂಲ ಅಂಕಿಗಳಿಂದ ಪುನಃ ಆರಂಭಿಸುತ್ತದೆ. ಮರಳಿ ಕಲಿಯುವವರೆಗೆ ವಾಹನದ ನಡತೆ ಬೇರೆಯಾಗಿರುತ್ತದೆ. ಯಾವುದೇ ಹೊಸ ತಂತಿ ಹಾಕದೆ ಬ್ಯಾಟರಿಯನ್ನು ಬಿಚ್ಚಿ ಜೋಡಿಸಿದರೂ ಇದೇ ಅನುಭವವಾಗುವ ಸಂಭವವಿದೆ. ಇದರೊಂದಿಗೆ ಟರ್ಮಿನಲ್ ಸ್ವಚ್ಛಗೊಂಡಿರುತ್ತದೆ. ಹಣ ಕೊಟ್ಟ ಮೇಲೆ ಫಲ ಕಾಣಬೇಕೆಂಬ ಮನುಷ್ಯ ಸಹಜ ನಿರೀಕ್ಷೆಯೂ ಇರುತ್ತದೆ.

ಮೈಲೇಜ್ ವ್ಯತ್ಯಾಸವನ್ನು ನಿಜವಾಗಿ ತಿಳಿಯಬೇಕಾದರೆ ಟ್ಯಾಂಕ್ ಪೂರ್ತಿ ತುಂಬಿಸಿ, ಕಿಲೋಮೀಟರ್ ಬರೆದಿಟ್ಟು, ಅದೇ ಬಂಕಿನಲ್ಲಿ ಮತ್ತೆ ಪೂರ್ತಿ ತುಂಬಿಸಿ ಭಾಗಿಸಬೇಕು. ಹೀಗೆ ಕಿಟ್ ಹಾಕುವ ಮುನ್ನ ಕನಿಷ್ಠ ನಾಲ್ಕೈದು ಸಲ, ಹಾಕಿದ ನಂತರ ನಾಲ್ಕೈದು ಸಲ, ಅದೇ ರಸ್ತೆ, ಹೆಚ್ಚುಕಡಿಮೆ ಅದೇ ಭಾರ, ಅದೇ ಟೈರ್ ಗಾಳಿಯಲ್ಲಿ ಮಾಡಿದರೆ ಮಾತ್ರ ಹೋಲಿಕೆಗೆ ಅರ್ಥ. ಸಿಂಧನೂರಿನಿಂದ ಲಿಂಗಸುಗೂರಿಗೆ ಭತ್ತದ ಹೇರಿನೊಂದಿಗೆ ಹೋಗಿ ಖಾಲಿ ಬಂದ ದಿನದ ಲೆಕ್ಕವನ್ನು ಎರಡೂ ಕಡೆ ಹೇರಿದ್ದ ದಿನದ ಲೆಕ್ಕದೊಂದಿಗೆ ಹೋಲಿಸಲಾಗದು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು ಇಂಧನ ಉಳಿಸುವುದೆಂದು ಪ್ರಚಾರವಿದ್ದ ನೂರಕ್ಕೂ ಹೆಚ್ಚು ಬಗೆಯ ಉಪಕರಣಗಳನ್ನು ಪರಿಶೀಲಿಸಿದ್ದು, ಮೈಲೇಜನ್ನು ಗಣನೀಯವಾಗಿ ಹೆಚ್ಚಿಸುವ ಒಂದು ಉಪಕರಣವೂ ಅದಕ್ಕೆ ದೊರೆತಿಲ್ಲ.

ಟ್ರೇಲರ್ ದೀಪಗಳ ಅರ್ತಿಂಗ್

ಅರ್ತಿಂಗ್ ತಂತಿಗೆ ಹಣ ವ್ಯಯಿಸಲು ಇಚ್ಛಿಸುವ ಟ್ರ್ಯಾಕ್ಟರ್ ಮಾಲೀಕರು ಎಂಜಿನ್ನಿಗಿಂತ ಮೊದಲು ಟ್ರೇಲರಿನ ಕಡೆ ನೋಡುವುದು ಸೂಕ್ತ. ಅನೇಕ ಟ್ರೇಲರುಗಳಲ್ಲಿ ಹಿಂಬದಿ ಕೆಂಪು ದೀಪಕ್ಕೆ ಹೋಗುವ ತಂತಿ ಮಾತ್ರ ಇದ್ದು, ಹಿಂದಿರುಗುವ ದಾರಿಯಾಗಿ ಹಿಚ್ ಪಿನ್ನನ್ನೇ ನೆಚ್ಚಿಕೊಳ್ಳಲಾಗಿರುತ್ತದೆ. ಗ್ರೀಸ್, ಕೆಸರು ಮತ್ತು ತುಕ್ಕು ತುಂಬಿದ ಪಿನ್ ರಸ್ತೆಯ ಪ್ರತಿ ಕುಲುಕಿಗೂ ಸಂಪರ್ಕ ಕಡಿಯುತ್ತದೆ. ನಿಂತಲ್ಲಿ ಉರಿಯುವ ದೀಪ ಚಲಿಸುವಾಗ ಆರಿಹೋಗುತ್ತದೆ, ಮತ್ತು ಮುಂದೆ ಕುಳಿತ ಚಾಲಕನಿಗೆ ಅದು ಕಾಣುವುದಿಲ್ಲ. ಸುಗ್ಗಿಯ ರಾತ್ರಿಗಳಲ್ಲಿ ಭತ್ತದ ಹುಲ್ಲು ಅಥವಾ ಚೀಲ ಹೇರಿಕೊಂಡು ಹೆದ್ದಾರಿಯಲ್ಲಿ ನಿಧಾನವಾಗಿ ಸಾಗುವ ದೀಪವಿಲ್ಲದ ಟ್ರೇಲರಿಗೆ ಹಿಂದಿನಿಂದ ಬರುವ ದ್ವಿಚಕ್ರ ವಾಹನ ಢಿಕ್ಕಿ ಹೊಡೆಯುವ ಅಪಾಯ ಎಲ್ಲರಿಗೂ ತಿಳಿದದ್ದೇ ಆಗಿದೆ. ಏಳು ಪಿನ್ನಿನ ಕನೆಕ್ಟರ್ ಮೂಲಕ ಟ್ರ್ಯಾಕ್ಟರಿನಿಂದ ಟ್ರೇಲರಿನ ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತಿಂಗ್ ತಂತಿ ಎಳೆಸುವುದಕ್ಕೆ ತಗಲುವ ವೆಚ್ಚ ಅಲ್ಪ. ಹಿಂಬದಿಯ ಪ್ರತಿಫಲಕಗಳು ಹುಲ್ಲಿನ ಹೇರಿನಲ್ಲಿ ಮುಚ್ಚಿಹೋಗದಂತೆಯೂ ನೋಡಿಕೊಳ್ಳತಕ್ಕದ್ದು.

ಹೆಡ್‌ಲೈಟಿಗೂ ಇದು ಅನ್ವಯಿಸುತ್ತದೆ. ಹ್ಯಾಲೊಜೆನ್ ಬಲ್ಬಿಗೆ ತಲುಪುವ ವೋಲ್ಟೇಜ್ ಶೇಕಡ 10 ರಷ್ಟು ಇಳಿದರೆ ಅದರ ಬೆಳಕು ಸುಮಾರು ಶೇಕಡ 30 ರಷ್ಟು ಇಳಿಯುತ್ತದೆ. ಎಂಜಿನ್ನಿನ ಶಕ್ತಿಯ ಮೇಲೆ ಲೆಕ್ಕಕ್ಕೆ ಬಾರದ ಅರ್ತಿಂಗ್ ದೋಷವು ಬೆಳಕಿನ ಮೇಲೆ ಇಷ್ಟು ದೊಡ್ಡ ಪರಿಣಾಮ ಬೀರುತ್ತದೆ.

ಅರ್ಹತಾ ಪರೀಕ್ಷೆ ಮತ್ತು ಕಾನೂನು

ಸಾರಿಗೆ ವಾಹನಗಳ ಅರ್ಹತಾ ಪತ್ರವನ್ನು ಮೋಟಾರು ವಾಹನಗಳ ಕಾಯ್ದೆ 1988ರ ಕಲಂ 56 ಮತ್ತು ಕೇಂದ್ರ ಮೋಟಾರು ವಾಹನಗಳ ನಿಯಮಗಳು 1989ರ ನಿಯಮ 62 ರಂತೆ ನೀಡಲಾಗುತ್ತದೆ. ಪರಿಶೀಲಿಸುವ ಅಂಶಗಳಲ್ಲಿ ಹೆಡ್‌ಲೈಟ್ ಕಿರಣ, ಇತರೆ ದೀಪಗಳು, ಪ್ರತಿಫಲಕಗಳು, ಹಾರನ್, ವೈಪರ್, ಡ್ಯಾಶ್‌ಬೋರ್ಡ್ ಉಪಕರಣಗಳು ಮತ್ತು ಹೊಗೆ ಸೇರಿವೆ. ಎಫ್.ಸಿ. ಗೆ ಹಾಜರುಪಡಿಸುವ ಮುನ್ನ ಅರ್ತಿಂಗ್ ಪರೀಕ್ಷಿಸಿಕೊಂಡಲ್ಲಿ ದೀಪ ಮತ್ತು ಹಾರನ್‌ಗಳ ಬಗ್ಗೆ ಬರುವ ಆಕ್ಷೇಪಣೆಗಳಲ್ಲಿ ಕೆಲವನ್ನು ತಪ್ಪಿಸಬಹುದು. ಸಾರಿಗೆಯೇತರ ವಾಹನಗಳ ನೋಂದಣಿಯು 15 ವರ್ಷಗಳವರೆಗೆ ಸಿಂಧುವಾಗಿದ್ದು, ನಮೂನೆ 25 ರಲ್ಲಿ ನವೀಕರಣಕ್ಕೆ ಅರ್ಜಿ ಸಲ್ಲಿಸುವ ಹಳೆಯ ವಾಹನಗಳ ಮಾಲೀಕರಿಗೂ ಇದು ಉಪಯುಕ್ತ.

ಅರ್ತಿಂಗ್ ತಂತಿ ಹಾಕಿಸಲು ಅನುಮತಿ ಬೇಕೇ ಎಂಬುದು ಸಹಜ ಪ್ರಶ್ನೆ. ಕಾಯ್ದೆಯ ಕಲಂ 52 ರ ಪ್ರಕಾರ ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಾಡು ಮಾಡತಕ್ಕದ್ದಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನೇ ಎತ್ತಿಹಿಡಿದಿದೆ. ಹಾಳಾದ ಅರ್ತಿಂಗ್ ತಂತಿಯನ್ನು ಬದಲಾಯಿಸುವುದರಿಂದ ಆರ್.ಸಿ. ಯ ಯಾವ ವಿವರವೂ ಬದಲಾಗದೇ ಇರುವುದರಿಂದ ಅದು ದುರಸ್ತಿ ಎನಿಸುತ್ತದೆ. ಇದಕ್ಕಾಗಿ ಅರ್ಜಿ ಸಲ್ಲಿಸುವ ಅವಶ್ಯಕತೆ ಇರುವುದಿಲ್ಲ. ಆದರೆ ಪಿಕಪ್ ಹೆಚ್ಚಿಸುವ ನೆಪದಲ್ಲಿ ಸೈಲೆನ್ಸರ್ ಬದಲಾವಣೆ, ಮಾಲಿನ್ಯ ನಿಯಂತ್ರಣ ಸಾಧನ ತೆಗೆಯುವುದು ಮುಂತಾದ ಕೆಲಸಗಳನ್ನು ಇದರೊಂದಿಗೆ ಮಾಡಿಸಿದಲ್ಲಿ ಪರಿಸ್ಥಿತಿ ಬೇರೆಯಾಗುತ್ತದೆ. 2019ರ ತಿದ್ದುಪಡಿಯಿಂದ ಸೇರಿಸಲಾದ ಕಲಂ 182ಎ ರಂತೆ ಅನುಮತಿಯಿಲ್ಲದ ಮಾರ್ಪಾಡು ಮಾಡುವ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ವಾರಂಟಿ ಅವಧಿಯಲ್ಲಿರುವ ವಾಹನದ ತಂತಿ ಜಾಲವನ್ನು ಹೊರಗಿನವರಿಂದ ಮುಟ್ಟಿಸಿದಲ್ಲಿ ತಯಾರಕರು ವಾರಂಟಿಯನ್ನು ನಿರಾಕರಿಸುವ ಸಾಧ್ಯತೆ ಇರುತ್ತದೆ. ಕೆಲವು ಹೊಸ ಕಾರುಗಳಲ್ಲಿ ಬ್ಯಾಟರಿಯ ಋಣ ತುದಿಯ ಕ್ಲಾಂಪಿನಲ್ಲಿಯೇ ಪ್ರವಾಹ ಅಳೆಯುವ ಸೆನ್ಸರ್ ಇರುತ್ತದೆ. ಹೆಚ್ಚುವರಿ ತಂತಿಯನ್ನು ನೇರವಾಗಿ ಕಂಬಕ್ಕೆ ಜೋಡಿಸಿದರೆ ಆ ಪ್ರವಾಹ ಸೆನ್ಸರ್ ಕಣ್ಣಿಗೆ ಬೀಳದೇ ಬ್ಯಾಟರಿ ಚಾರ್ಜಿನ ಲೆಕ್ಕ ತಪ್ಪುತ್ತದೆ. ಇಂತಹ ವಾಹನಗಳಲ್ಲಿ ಕಿಟ್ ಲಾಭದ ಬದಲು ನಷ್ಟ ತರುತ್ತದೆ. ವಿದ್ಯುತ್ ಚಾಲಿತ ಕಾರುಗಳ ಅಧಿಕ ಒತ್ತಡದ ವ್ಯವಸ್ಥೆಯನ್ನು ದೇಹದಿಂದ ಪೂರ್ಣವಾಗಿ ಬೇರ್ಪಡಿಸಲಾಗಿರುತ್ತದೆ. ಅವುಗಳ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ಅಧಿಕೃತ ಸರ್ವಿಸ್ ಕೇಂದ್ರದವರ ಹೊರತು ಬೇರೆ ಯಾರೂ ಮುಟ್ಟಬಾರದು.

ತಪ್ಪು ಪ್ರಚಾರದಿಂದ ನಷ್ಟವಾದಲ್ಲಿ

ನಿರ್ದಿಷ್ಟ ಶೇಕಡಾವಾರು ಮೈಲೇಜ್ ಹೆಚ್ಚಳದ ಭರವಸೆ ನೀಡಿ ಮಾರಾಟ ಮಾಡಿದ ಉಪಕರಣದಿಂದ ಅಂತಹ ಫಲ ದೊರೆಯದಿದ್ದಲ್ಲಿ ಖರೀದಿದಾರರು ಗ್ರಾಹಕ ಸಂರಕ್ಷಣಾ ಕಾಯ್ದೆ 2019 ರಡಿ ಪರಿಹಾರ ಕೋರಬಹುದಾಗಿದೆ. ಆನ್‌ಲೈನ್ ಮಾರಾಟಗಾರರು ಬೇರೆ ರಾಜ್ಯದಲ್ಲಿದ್ದರೂ, ದೂರುದಾರರು ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿ, ಅಂದರೆ ಈ ಮೂರು ತಾಲ್ಲೂಕುಗಳವರು ರಾಯಚೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ, ದೂರು ದಾಖಲಿಸಲು ಅವಕಾಶವಿದೆ. ಪಾವತಿಸಿದ ಮೊತ್ತ ರೂ. 5 ಲಕ್ಷ ಮೀರದಿದ್ದಲ್ಲಿ ಶುಲ್ಕ ಇರುವುದಿಲ್ಲ. ವ್ಯಾಜ್ಯದ ಕಾರಣ ಉದ್ಭವಿಸಿದ ದಿನದಿಂದ ಎರಡು ವರ್ಷಗಳೊಳಗೆ ದೂರು ಸಲ್ಲಿಸತಕ್ಕದ್ದು. ಖರೀದಿ ಬಿಲ್ಲು, ಜಾಹೀರಾತಿನ ಪ್ರತಿ ಅಥವಾ ಮೊಬೈಲ್ ಚಿತ್ರ ಹಾಗೂ ಮೇಲೆ ತಿಳಿಸಿದಂತೆ ಬರೆದಿಟ್ಟ ಇಂಧನ ಲೆಕ್ಕವನ್ನು ಲಗತ್ತಿಸಿದಲ್ಲಿ ದೂರಿಗೆ ಬಲ ಬರುತ್ತದೆ. ಬಿಲ್ಲಿಲ್ಲದೆ ಖರೀದಿಸಿದ ವಸ್ತುವಿನ ಬಗ್ಗೆ ದೂರನ್ನು ಸಾಬೀತುಪಡಿಸುವುದು ಕಷ್ಟ. ಪ್ರಾಥಮಿಕ ಸಲಹೆಗಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಂಖ್ಯೆ 1915 ಕ್ಕೆ ಕರೆ ಮಾಡಬಹುದು.

ಅರ್ಹತಾ ಪತ್ರ ಮತ್ತು ನೋಂದಣಿ ನವೀಕರಣದ ಅರ್ಜಿಗಳನ್ನು ಪರಿವಾಹನ್ ಪೋರ್ಟಲ್ ಮೂಲಕ ಸಲ್ಲಿಸಬಹುದಾಗಿದೆ. ಅರ್ಜಿಯೊಂದಿಗೆ ಸಿಂಧುವಾದ ವಿಮಾ ಪತ್ರ ಮತ್ತು ವಾಯುಮಾಲಿನ್ಯ ನಿಯಂತ್ರಣ ಪ್ರಮಾಣ ಪತ್ರ ಇರುವುದನ್ನು ಖಚಿತಪಡಿಸಿಕೊಂಡು, ನಿಗದಿತ ದಿನದಂದು ವಾಹನವನ್ನು ಟ್ರೇಲರ್ ಇದ್ದಲ್ಲಿ ಟ್ರೇಲರ್ ಸಹಿತವಾಗಿ, ದೀಪಗಳೆಲ್ಲವೂ ಉರಿಯುವ ಸ್ಥಿತಿಯಲ್ಲಿ ಹಾಜರುಪಡಿಸತಕ್ಕದ್ದು.